ಕನ್ನಡಿ ಇದ್ದರೆ ಸಾಕೆ? ನಾಲ್ಕು ಡಿಸ್ಕುಗಳ ಜೋಡಣೆ: ಒಂದು ವಿಮರ್ಶೆ

ಕಾಲೇಜಿನ ಪ್ರಯೋಗಾಲಯಕ್ಕೋ ಕಚೇರಿಗೋ ಒಂದು ಸರ್ವರ್ ಬೇಕಾದಾಗ ಕಣ್ಣು ಮುಚ್ಚಿಕೊಂಡು ಬರೆದುಕೊಡುವ ಸಿದ್ಧ ಸೂತ್ರವೊಂದಿದೆ. ನಾಲ್ಕು ಡಿಸ್ಕು ತೆಗೆದುಕೊಳ್ಳಿ. ಎರಡೆರಡನ್ನು ಜೋಡಿ ಮಾಡಿ, ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಮೂಡುವಂತೆ ಮಾಡಿ. ಆ ಎರಡು ಜೋಡಿಗಳ ಮೇಲೆ ಮಾಹಿತಿಯನ್ನು ಪಟ್ಟೆ ಪಟ್ಟೆಯಾಗಿ ಹರಡಿ. ಎಲ್ಲದರ ಮೇಲೆ ಎಲ್‌ವಿಎಂ, ಅಂದರೆ ತಾರ್ಕಿಕ ಸಂಪುಟಗಳನ್ನು ನಿರ್ವಹಿಸುವ ತಂತ್ರಾಂಶದ ಪದರವನ್ನು ಹಾಸಿ. ಮೊದಲನೆಯದರಿಂದ ಭದ್ರತೆ, ಎರಡನೆಯದರಿಂದ ವೇಗ, ಮೂರನೆಯದರಿಂದ ಬೇಕೆಂದಾಗ ಹಿಗ್ಗಿಸುವ ಅನುಕೂಲ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ಣ ಅಂಕ ಬರುತ್ತದೆ.

ಸೂತ್ರದಲ್ಲಿ ತಪ್ಪಿಲ್ಲ. ಆದರೆ ಮೂರು ಪದರಗಳು ಒಂದರ ಮೇಲೊಂದು ಕುಳಿತಾಗ ಮೇಲಿನ ಪದರ ಕೆಳಗಿನದರ ಗುಣವನ್ನು ಸದ್ದಿಲ್ಲದೆ ಕಳೆದುಬಿಡಬಲ್ಲದು. ನಾನು ನೋಡಿರುವ ಬಹುತೇಕ ಪಾಠ ಟಿಪ್ಪಣಿಗಳಲ್ಲಿ ಇದರ ಪ್ರಸ್ತಾಪವೇ ಇಲ್ಲ. ಹೀಗಾಗಿ ಈ ಸೂತ್ರವನ್ನು ಭೌತವಿಜ್ಞಾನದ ವಿದ್ಯಾರ್ಥಿ ಒಂದು ಪ್ರಮೇಯವನ್ನು ಪರಿಶೀಲಿಸುವಂತೆ, ಅದರ ಊಹೆಗಳನ್ನು ಬಿಡಿಸಿಟ್ಟು ನೋಡೋಣ.

ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ್ದು 2000ದ ದಶಕದ ಆರಂಭದಲ್ಲಿ. ಅಂದಿನ 177 ತಾಲ್ಲೂಕುಗಳಲ್ಲಿ ಪ್ರತಿಯೊಂದರ ಕಚೇರಿಯಲ್ಲೂ ಒಂದು ಸರ್ವರ್ ಬಂದು ಕುಳಿತಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕುಗಳು. ರೈತರು 15 ರೂಪಾಯಿ ಕೊಟ್ಟು ಕಿಟಕಿಯಲ್ಲಿ ಮುದ್ರಿತ ಪಹಣಿ ಪಡೆಯತೊಡಗಿದರು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ನಂತರದ ವರ್ಷಗಳಲ್ಲಿ ದತ್ತಾಂಶ ತಾಲ್ಲೂಕುಗಳಿಂದ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಇಲ್ಲಿ ಗಮನಿಸಬೇಕಾದದ್ದು ಒಂದು: ಕೈಬರಹದ ಪುಸ್ತಕಕ್ಕೆ ಮಾನ್ಯತೆ ಹೋದ ದಿನದಿಂದ ಡಿಸ್ಕಿನ ಮೇಲಿನ ಕಾಂತೀಯ ಗುರುತೇ ಮೂಲ ದಾಖಲೆಯಾಯಿತು. ಬೆಳೆ ಸಾಲಕ್ಕೆ, ಪರಿಹಾರಕ್ಕೆ, ಅಣ್ಣತಮ್ಮಂದಿರ ಪಾಲಿಗೆ, ಕೋರ್ಟಿಗೆ ಎಲ್ಲಕ್ಕೂ ಅದೇ ಆಧಾರ.

ಈ ನಾಲ್ಕು ತಾಲ್ಲೂಕುಗಳ ಪಹಣಿಗಳನ್ನು ನಾಲ್ಕು ಡಿಸ್ಕುಗಳ ಒಂದು ಯಂತ್ರದಲ್ಲಿ ಇಡುವ ಹೊಣೆ ನಿಮ್ಮದು ಎಂದುಕೊಳ್ಳಿ. ಯಂತ್ರ ಕಲ್ಪಿತ, ಲೆಕ್ಕ ನಿಜ. ನೆನಪಿಗೆ ಸುಲಭವಾಗಲೆಂದು ಡಿಸ್ಕುಗಳಿಗೆ ‘ರಾ’, ‘ಚ’, ‘ಕ’, ‘ಮಾ’ ಎಂದು ಹೆಸರಿಡೋಣ.

ಯಾವುದು ಮೊದಲು?

‘ರಾ’ ಮತ್ತು ‘ಚ’ ಒಂದು ಜೋಡಿ, ‘ಕ’ ಮತ್ತು ‘ಮಾ’ ಇನ್ನೊಂದು. ಎರಡು ಜೋಡಿಗಳ ಮೇಲೆ ಪಟ್ಟೆ ಹಂಚಿಕೆ. ಇದನ್ನು ರೇಡ್ 10 ಎನ್ನುತ್ತಾರೆ. ‘ರಾ’ ಕೆಟ್ಟಿತು ಎನ್ನಿ. ಉಳಿದ ಮೂರರಲ್ಲಿ ಮುಂದೆ ಯಾವುದು ಕೆಟ್ಟರೆ ಅಪಾಯ? ‘ಚ’ ಮಾತ್ರ. ಅಂದರೆ ಮೂರರಲ್ಲಿ ಒಂದು ಪಾಲು.

ಈಗ ಕ್ರಮವನ್ನು ತಿರುಗಿಸಿ. ಮೊದಲು ‘ರಾ’ ಮತ್ತು ‘ಕ’ ಮೇಲೆ ಪಟ್ಟೆ ಹರಡಿ ಒಂದು ತಂಡ ಮಾಡಿ. ‘ಚ’ ಮತ್ತು ‘ಮಾ’ ಮೇಲೆ ಅದರ ಪ್ರತಿಬಿಂಬವಾಗಿ ಎರಡನೆಯ ತಂಡ ಮಾಡಿ. ಇದು ರೇಡ್ 01. ‘ರಾ’ ಕೆಟ್ಟ ಕೂಡಲೇ ಮೊದಲ ತಂಡವೆಲ್ಲ ನಿವೃತ್ತವಾಗುತ್ತದೆ. ‘ಕ’ ಗಟ್ಟಿಮುಟ್ಟಾಗಿದ್ದರೂ ಪ್ರಯೋಜನಕ್ಕಿಲ್ಲ. ಈಗ ‘ಚ’ ಕೆಟ್ಟರೂ ಸೋಲು, ‘ಮಾ’ ಕೆಟ್ಟರೂ ಸೋಲು. ಮೂರರಲ್ಲಿ ಎರಡು ಪಾಲು. ಅದೇ ಡಿಸ್ಕು, ಅದೇ ಖರ್ಚು, ಅಪಾಯ ಮಾತ್ರ ಇಮ್ಮಡಿ. ‘ಪ್ರತಿಬಿಂಬ ಮತ್ತು ಪಟ್ಟೆ ಎರಡೂ ಇರಬೇಕು’ ಎಂದಷ್ಟೇ ಹೇಳುವ ಟೆಂಡರ್ ಷರತ್ತನ್ನು ಈ ಎರಡೂ ಜೋಡಣೆಗಳು ಪೂರೈಸುತ್ತವೆ!

ಪಟ್ಟೆಯಿಂದ ಬರುವ ವೇಗದ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡು ಕಾಯಬೇಕು. ತೋಳು ಸರಿದು ನಿಲ್ಲುವ ಸಮಯ ಬೇರೆ. ಇಷ್ಟೆಲ್ಲ ಆದ ಮೇಲೆ 4 ಕಿಲೋಬೈಟ್ ಓದಲು ಬೇಕಾದದ್ದು ಮಿಲಿಸೆಕೆಂಡಿನ ನೂರರಲ್ಲಿ ಮೂರು ಪಾಲು ಮಾತ್ರ. ಒಂದು ಪಹಣಿಯ ದಾಖಲೆ ಕೆಲವೇ ಕಿಲೋಬೈಟ್. ಪಟ್ಟೆಯ ಅಗಲ 64 ಕಿಲೋಬೈಟ್ ಇದ್ದರೆ ಅದು ಬಹುಮಟ್ಟಿಗೆ ಒಂದೇ ಡಿಸ್ಕಿನಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಕಿಟಕಿಯ ಮುಂದೆ ನಿಂತ ಒಬ್ಬರ ಕೆಲಸ ಪಟ್ಟೆಯಿಂದ ಬೇಗ ಆಗುವುದಿಲ್ಲ. ನೂರು ಕಡೆಯಿಂದ ಒಟ್ಟಿಗೆ ಕೋರಿಕೆ ಬಂದಾಗ ಸಾಲು ಎರಡಾಗಿ ಒಡೆಯುತ್ತದೆ, ಅಷ್ಟೇ. ದೊಡ್ಡ ವಿಡಿಯೊ ಕಡತಗಳ ವಿಷಯ ಬೇರೆ. ಅಲ್ಲಿ ಪಟ್ಟೆಯ ಲಾಭ ನೇರವಾಗಿ ಕಾಣುತ್ತದೆ.

‘ಸ್ವತಂತ್ರ’ ಎಂಬ ಪದ

ಈ ಇಡೀ ವಿಚಾರಕ್ಕೆ ಹೆಸರು ಕೊಟ್ಟದ್ದು 1988ರ ಒಂದು ಪ್ರಬಂಧ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಬರೆದದ್ದು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳ ಸಮೂಹವನ್ನು ಬಳಸಬಹುದು ಎಂಬುದು ಅವರ ವಾದ. ಅದರ ತೊಂದರೆಯನ್ನೂ ಅವರೇ ಮೊದಲು ಹೇಳಿದರು: ಒಂದು ಡಿಸ್ಕು ಕೆಡುವ ಸರಾಸರಿ ಕಾಲ 30,000 ಗಂಟೆಯಾದರೆ 100 ಡಿಸ್ಕುಗಳ ಸಮೂಹದಲ್ಲಿ ಏನಾದರೂ ಒಂದು ಕೆಡಲು ಸರಾಸರಿ 300 ಗಂಟೆ ಸಾಕು, ಎರಡು ವಾರಕ್ಕೂ ಕಡಿಮೆ. ಇಷ್ಟು ಸ್ಪಷ್ಟವಾಗಿ, ಇಷ್ಟು ಪ್ರಾಮಾಣಿಕವಾಗಿ ಬರೆದ ತಾಂತ್ರಿಕ ಪ್ರಬಂಧಗಳು ಕಡಿಮೆ. ವಿದ್ಯಾರ್ಥಿಗಳು ಅದನ್ನು ಓದಲೇಬೇಕು.

ರೇಡ್ ಎಂಬ ಸಂಕ್ಷಿಪ್ತ ಹೆಸರಿನ ಮೂರನೆಯ ಅಕ್ಷರ ಮೂಲದಲ್ಲಿ ‘ಅಗ್ಗದ’ ಎಂಬ ಅರ್ಥದ್ದು. ಮಾರಾಟಗಾರರಿಗೆ ಅಗ್ಗ ಎನ್ನುವುದು ರುಚಿಸಲಿಲ್ಲವೇನೋ, ಅದು ಮುಂದೆ ‘ಸ್ವತಂತ್ರ’ ಎಂದಾಯಿತು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಹೆಚ್ಚು ಅನುಮಾನಿಸಬೇಕಾದ ಪದ ಇದೇ. ಸಂಭವನೀಯತೆಯ ಭಾಷೆಯಲ್ಲಿ ಎರಡು ಘಟನೆಗಳು ಸ್ವತಂತ್ರ ಎನ್ನಬೇಕಾದರೆ ಒಂದು ಘಟಿಸಿದ್ದರಿಂದ ಇನ್ನೊಂದರ ಸಾಧ್ಯತೆ ಬದಲಾಗಬಾರದು. ಹೆಸರಿಟ್ಟ ಮಾತ್ರಕ್ಕೆ ಸ್ವಾತಂತ್ರ್ಯ ಸಿಗುವುದಿಲ್ಲ, ಅದನ್ನು ತೋರಿಸಿಕೊಡಬೇಕು.

ಮೊದಲು ಸ್ವತಂತ್ರ ಎಂದೇ ಒಪ್ಪಿ ಲೆಕ್ಕ ಹಾಕೋಣ. ವರ್ಷಕ್ಕೆ ನೂರರಲ್ಲಿ 3 ಡಿಸ್ಕು ಕೆಡುತ್ತವೆ ಎನ್ನಿ. ಬರೀ ಪಟ್ಟೆ ಹಾಕಿ ನಾಲ್ಕನ್ನೂ ಸೇರಿಸಿದರೆ ಯಾವುದೊಂದು ಕೆಟ್ಟರೂ ಎಲ್ಲ ಹೋಯಿತು. ವರ್ಷದಲ್ಲಿ ಹಾಗಾಗುವ ಸಾಧ್ಯತೆ 1ರಿಂದ 0.97ರ ನಾಲ್ಕನೇ ಘಾತವನ್ನು ಕಳೆದಷ್ಟು, ಅಂದರೆ ಶೇಕಡಾ 11.5. ಜೋಡಿ ಮಾಡಿದಾಗ? ನಾಲ್ಕರಲ್ಲಿ ಒಂದು ಕೆಡುವ ಸಾಧ್ಯತೆ ಸುಮಾರು 0.12. ಕೆಟ್ಟದ್ದನ್ನು ಒಂದೇ ದಿನದಲ್ಲಿ ಬದಲಿಸಿ ಮರುಭರ್ತಿ ಮುಗಿಸಿದರೆ, ಆ ಒಂದು ದಿನದಲ್ಲಿ ಅದರ ಜೊತೆಗಾರ ಕೆಡುವ ಸಾಧ್ಯತೆ 0.03ನ್ನು 365ರಿಂದ ಭಾಗಿಸಿದಷ್ಟು. ಎರಡನ್ನೂ ಗುಣಿಸಿದರೆ ಲಕ್ಷಕ್ಕೆ ಒಂದು. ಅದ್ಭುತ ಅಲ್ಲವೆ?

ಆದರೆ ಡಿಸ್ಕು ಕೆಟ್ಟದ್ದು ಮೂರು ತಿಂಗಳು ಯಾರ ಕಣ್ಣಿಗೂ ಬೀಳದೆ ಹೋದರೆ? ಜೋಡಿಯಲ್ಲಿ ಒಂದು ಸತ್ತರೂ ಯಂತ್ರ ಓಡುತ್ತಲೇ ಇರುತ್ತದೆ, ಪಹಣಿ ಮುದ್ರಣವಾಗುತ್ತಲೇ ಇರುತ್ತದೆ. ಮೂಲೆಯ ಕೆಂಪು ದೀಪವನ್ನು ನೋಡುವುದು ಯಾರ ಕೆಲಸವೂ ಅಲ್ಲ. 1 ದಿನದ ಜಾಗದಲ್ಲಿ 90 ದಿನ ಹಾಕಿ ನೋಡಿ: ಅಪಾಯ 90 ಪಟ್ಟು ಏರಿ ಸುಮಾರು 1,100ಕ್ಕೆ ಒಂದಾಗುತ್ತದೆ. ಡಿಸ್ಕಿನ ಗುಣಮಟ್ಟದಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಗಮನ ಮಾತ್ರ. ಜೋಡಿ ಮುರಿದ ಕೂಡಲೇ ಮಿಂಚಂಚೆ ಕಳಿಸುವ ಸೌಲಭ್ಯ ಲಿನಕ್ಸ್‌ನಲ್ಲಿ ಉಚಿತವಾಗಿಯೇ ಇದೆ. ಟೆಂಡರ್ ಪಟ್ಟಿಗಳಲ್ಲಿ ಅದನ್ನು ಕೇಳಿದವರನ್ನು ನಾನು ಕಂಡದ್ದು ಅಪರೂಪ.

ಈಗ ಸ್ವಾತಂತ್ರ್ಯದ ಊಹೆಯನ್ನೇ ಮುಟ್ಟೋಣ. ‘ರಾ’ ಮತ್ತು ‘ಚ’ ಒಂದೇ ಕಾರ್ಖಾನೆಯ ಒಂದೇ ಕಂತಿನವು, ಒಂದೇ ದಿನ ಪೆಟ್ಟಿಗೆಯಿಂದ ಹೊರಬಂದವು, ಒಂದೇ ವಿದ್ಯುತ್ ಪೂರೈಕೆ ಘಟಕದಿಂದ ಉಣ್ಣುವವು, ಒಂದೇ ಫ್ಯಾನಿನ ಗಾಳಿ ಕುಡಿಯುವವು. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸುಮಾರು 1 ಲಕ್ಷ ಡಿಸ್ಕುಗಳ ಬದಲಾವಣೆಯ ದಾಖಲೆಗಳನ್ನು ಪರಿಶೀಲಿಸಿದರು. ತಯಾರಕರು ಹೇಳುವ 10 ಲಕ್ಷ ಗಂಟೆಯ ಸರಾಸರಿ ಆಯುಸ್ಸಿನ ಪ್ರಕಾರ ವರ್ಷಕ್ಕೆ ಶೇಕಡಾ 0.88 ಡಿಸ್ಕು ಮಾತ್ರ ಕೆಡಬೇಕಿತ್ತು. ವಾಸ್ತವದಲ್ಲಿ 2ರಿಂದ 4 ಸಾಮಾನ್ಯವಾಗಿತ್ತು, ಕೆಲವು ಕಡೆ 13ರವರೆಗೂ ಹೋಗಿತ್ತು. ಅದಕ್ಕಿಂತ ಮುಖ್ಯವಾಗಿ, ಕೆಡುವಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಚದುರಿರಲಿಲ್ಲ. ಗುಂಪು ಗುಂಪಾಗಿ ಬಂದಿದ್ದವು. ಆ ಇಬ್ಬರಲ್ಲಿ ಒಬ್ಬರು ಬಿಯಾಂಕಾ ಶ್ರೋಡರ್, ಇನ್ನೊಬ್ಬರು ಅದೇ ಗಾರ್ತ್ ಗಿಬ್ಸನ್! ಹತ್ತೊಂಬತ್ತು ವರ್ಷಗಳ ಹಿಂದೆ ತಾವೇ ಬಳಸಿದ ಊಹೆಯನ್ನು ಅಳತೆಗೆ ಒಡ್ಡಿದ ಈ ನಡೆ ವಿಜ್ಞಾನದ ಪಾಠವಾಗಿಯೂ ತರಗತಿಯಲ್ಲಿ ಹೇಳುವಂಥದ್ದು.

ಇನ್ನೊಂದು ಘಟನೆ ಇದಕ್ಕಿಂತ ಖಾರ. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಮಾದರಿಯ ಘನಸ್ಥಿತಿ ಡಿಸ್ಕುಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಒಳಗಿನ ತಂತ್ರಾಂಶದ ದೋಷದಿಂದ ಅವು 32,768 ಗಂಟೆ ಓಡಿದೊಡನೆ ಸ್ತಬ್ಧವಾಗುತ್ತಿದ್ದವು. ಒಳಗಿನ ಮಾಹಿತಿಯೂ ಹೋಗುತ್ತಿತ್ತು. ಆ ಸಂಖ್ಯೆಯನ್ನು ಗಮನಿಸಿದಿರಾ? ಅದು 2ರ 15ನೇ ಘಾತ. ಚಿಹ್ನೆಸಹಿತ 16 ಬಿಟ್‌ನ ಎಣಿಕೆ ತುಂಬಿ ಹರಿಯುವ ಜಾಗ. ಒಂದೇ ದಿನ ಚಾಲೂ ಮಾಡಿದ ನಾಲ್ಕು ಡಿಸ್ಕುಗಳು 3 ವರ್ಷ 270 ದಿನಗಳ ನಂತರ ಒಂದೇ ಗಂಟೆಯಲ್ಲಿ ಹೋದರೆ ಯಾವ ಪ್ರತಿಬಿಂಬ ಏನು ಮಾಡೀತು? ದೋಷವಿಲ್ಲದ ಘನಸ್ಥಿತಿ ಡಿಸ್ಕುಗಳಲ್ಲೂ ಜೋಡಿಯ ಎರಡಕ್ಕೂ ಬೀಳುವ ಬರಹ ಒಂದೇ ಸಮ, ಆದ್ದರಿಂದ ಸವೆತವೂ ಹೆಚ್ಚುಕಡಿಮೆ ಒಂದೇ ಸಮ. ಜೋಡಿಗೆ ಬೇರೆ ಬೇರೆ ಕಂತಿನ, ಆದರೆ ಬೇರೆ ಬೇರೆ ತಯಾರಿಕೆಯ ಡಿಸ್ಕು ಹಾಕಿ ಎಂಬ ಹಳೆಯ ಸಲಹೆಗೆ ಈಗ ಬೆಲೆ ಹೆಚ್ಚಿದೆ.

ಸ್ವಾತಂತ್ರ್ಯದ ಕೊರತೆ ಊರುಗಳಿಗೂ ಅನ್ವಯಿಸುತ್ತದೆ. ಒಂದೇ ಯಂತ್ರದ ಬದಲು ಪ್ರತಿಗಳನ್ನು ಊರಿಂದೂರಿಗೆ ಇಡುತ್ತೀರಿ ಎನ್ನಿ. ರಾಮನಗರದ ಪ್ರತಿಯನ್ನು ಹತ್ತಿರವೆಂದು ಚನ್ನಪಟ್ಟಣದಲ್ಲಿ ಇಟ್ಟರೆ? 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರ, ಚನ್ನಪಟ್ಟಣ ಎರಡೂ ಕಡೆ ಕೆರೆಗಳು ಉಕ್ಕಿ, ಎರಡನ್ನೂ ಪೋಣಿಸುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ನೀರು ನಿಂತಿತ್ತು. ಕನಕಪುರವೂ ರಾಮನಗರದಂತೆ ಅರ್ಕಾವತಿಯ ದಾರಿಯಲ್ಲಿದೆ. ಆ ಹೆದ್ದಾರಿಯಿಂದ ದೂರವಿರುವ ಮಾಗಡಿಯೇ ರಾಮನಗರಕ್ಕೆ ಉತ್ತಮ ಜೊತೆ. ಆದರೂ ನಾಲ್ಕೂ ಊರುಗಳಿಗೆ ವಿದ್ಯುತ್ ಕೊಡುವುದು ಬೆಸ್ಕಾಂ ಒಂದೇ ಎಂಬುದನ್ನು ಮರೆಯದಿರಿ.

ಗಡಿ ಬದಲಾದರೂ ಹೊಲ ಅಲ್ಲೇ

ಎಲ್‌ವಿಎಂ ಎಂದರೇನೆಂದು ವಿದ್ಯಾರ್ಥಿಗಳಿಗೆ ವಿವರಿಸಲು ಈ ಸೀಮೆಯ ಇತಿಹಾಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಈ ನಾಲ್ಕು ತಾಲ್ಲೂಕುಗಳು ಮೊದಲು ಬೆಂಗಳೂರು ಜಿಲ್ಲೆಯಲ್ಲಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದವು. 2007ರ ಆಗಸ್ಟ್‌ನಲ್ಲಿ ರಾಮನಗರ ಜಿಲ್ಲೆಯಾದವು. ಆ ಮೇಲೆ ಕನಕಪುರ ತಾಲ್ಲೂಕಿನ ಹಾರೋಹಳ್ಳಿ ಹೋಬಳಿ ತಾನೇ ಒಂದು ತಾಲ್ಲೂಕಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಇಷ್ಟಾದರೂ ಒಂದು ಹೊಲವೂ ಒಂದು ಗೇಣು ಸರಿದಿಲ್ಲ. ಬದಲಾದದ್ದು ಯಾವ ಹೊಲ ಯಾವ ಹೆಸರಿನ ಕೆಳಗೆ ಎಂಬ ಪಟ್ಟಿ ಮಾತ್ರ. ಎಲ್‌ವಿಎಂ ಮಾಡುವುದೂ ಇದನ್ನೇ. ಹೈನ್ಸ್ ಮೌಲ್ಸ್‌ಹಾಗೆನ್ 1998ರಲ್ಲಿ ಲಿನಕ್ಸ್‌ಗಾಗಿ ಬರೆದ ಈ ತಂತ್ರಾಂಶ ಡಿಸ್ಕುಗಳನ್ನು ಸಾಮಾನ್ಯವಾಗಿ 4 ಮೆಗಾಬೈಟ್‌ನ ತುಂಡುಗಳಾಗಿ ಗುರುತಿಸಿ, ಎಲ್ಲವನ್ನೂ ಒಂದು ಗುಂಪಿಗೆ ಹಾಕಿ, ಬೇಕಾದಷ್ಟು ತುಂಡುಗಳನ್ನು ಪೋಣಿಸಿ ಒಂದೊಂದು ತಾರ್ಕಿಕ ಸಂಪುಟವಾಗಿ ಕೊಡುತ್ತದೆ. ಸಂಪುಟ ತುಂಬಿದರೆ ಇನ್ನಷ್ಟು ತುಂಡು ಸೇರಿಸಿದರಾಯಿತು.

ಈ ಅನುಕೂಲದ ಒಳಗೇ ಅಪಾಯ ಇದೆ. ಮೂರು ವರ್ಷದ ನಂತರ ಜಾಗ ತುಂಬಿತು ಎನ್ನಿ. ಮಾರ್ಚ್ ಕೊನೆ, ಅನುದಾನ ಮುಗಿದಿದೆ, ಕೈಯಲ್ಲಿ ಒಂದೇ ಒಂದು ಹೊಸ ಡಿಸ್ಕು. ಅದನ್ನು ಗುಂಪಿಗೆ ಸೇರಿಸುವ ಆದೇಶ ಕೊಡುತ್ತೀರಿ. ಎಲ್‌ವಿಎಂ ಚಕಾರವೆತ್ತದೆ ಸೇರಿಸಿಕೊಳ್ಳುತ್ತದೆ. ಕೆಳಗಿನ ಜೋಡಿಗಳಿಗೆ ಪ್ರತಿಬಿಂಬವಿದೆ, ಹೊಸ ಒಂಟಿ ಡಿಸ್ಕಿಗೆ ಇಲ್ಲ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ, ಅದು ಕೇಳುವುದೂ ಇಲ್ಲ. ಸಂಪುಟವನ್ನು ಹಿಗ್ಗಿಸಿದಾಗ ಪಹಣಿಯ ಕಡತ ಅರ್ಧ ಜೋಡಿಯ ಮೇಲೆ, ಅರ್ಧ ಒಂಟಿಯ ಮೇಲೆ ಕೂರುತ್ತದೆ. ಮುಂದೆ ಆ ಒಂಟಿ ಡಿಸ್ಕು ಕೆಟ್ಟರೆ ನಾಲ್ಕು ಡಿಸ್ಕುಗಳ ಎಚ್ಚರಿಕೆಯ ಜೋಡಣೆಯೆಲ್ಲ ವ್ಯರ್ಥ. ಎಲ್ಲಿದೆ ಎಂಬುದನ್ನು ಮರೆಮಾಡುವುದೇ ಎಲ್‌ವಿಎಂನ ಗುಣ. ಎಲ್ಲಿದೆ ಎಂಬುದರ ಮೇಲೆ ನಿಂತಿರುವುದು ಪ್ರತಿಬಿಂಬದ ಗುಣ. ಇವೆರಡರ ನಡುವಿನ ಈ ಜಗಳವನ್ನು ಪಾಠಗಳು ಹೇಳುವುದೇ ಇಲ್ಲ ಎಂಬುದು ನನ್ನ ಮುಖ್ಯ ಆಕ್ಷೇಪ. ಜೋಡಿಯಲ್ಲದ ಡಿಸ್ಕನ್ನು ಬೇರೆಯೇ ಗುಂಪಿನಲ್ಲಿ ಇಡಬೇಕು; ಆ ನಿಯಮವನ್ನು ಯಂತ್ರದ ಮೈಮೇಲೆ ಚೀಟಿ ಅಂಟಿಸಿಯಾದರೂ ಬರೆಯಬೇಕು.

ಪಟ್ಟೆಯ ಕೆಲಸವನ್ನು ಎಲ್‌ವಿಎಂಗೇ ವಹಿಸುವವರೂ ಇದ್ದಾರೆ. ಎರಡು ಜೋಡಿಗಳನ್ನು ಕೆಳಗೆ ಕಟ್ಟಿ, ಮೇಲೆ ಎಲ್‌ವಿಎಂ ಮೂಲಕ ಎರಡು ಸಾಲಿನ ಪಟ್ಟೆ ಹಾಕುವುದು. ನೋಡಲು ಸೊಗಸು. ಆದರೆ ಎರಡು ಸಾಲಿನ ಸಂಪುಟವನ್ನು ಅದೇ ರೀತಿ ಹಿಗ್ಗಿಸಲು ಎರಡು ಜೋಡಿಗಳಲ್ಲಿ ಖಾಲಿ ಜಾಗ ಬೇಕು; ಹೊಸದಾಗಿ ಒಂದೇ ಜೋಡಿ ತಂದರೆ ಸಾಲದು. ಹಿಗ್ಗುವ ಅನುಕೂಲಕ್ಕೆಂದು ತಂದ ಪದರ ಹೀಗೆ ಡಿಸ್ಕುಗಳನ್ನು ನಾಲ್ಕು ನಾಲ್ಕಾಗಿಯೇ ಕೊಳ್ಳುವಂತೆ ಮಾಡುತ್ತದೆ. ಕೆಳಗೆ ರೇಡ್ 10, ಮೇಲೆ ಮತ್ತೆ ಎಲ್‌ವಿಎಂ ಪಟ್ಟೆ ಎಂದು ಎರಡೆರಡು ಸಲ ಪಟ್ಟೆ ಹಾಕುವುದಂತೂ ನೆಲಕ್ಕೆ ಎರಡು ಸಲ ಸುಣ್ಣ ಬಳಿದಂತೆ.

ಕಾಲೇಜು, ಸಣ್ಣ ಕಚೇರಿಗಳಿಗೆ ನಾನು ಹೇಳುವುದು: ಪಟ್ಟೆಯನ್ನೇ ಬಿಡಿ. ಎರಡು ಜೋಡಿಗಳನ್ನು ಕಟ್ಟಿ, ಎಲ್‌ವಿಎಂನಲ್ಲಿ ಒಂದರ ಮುಂದೊಂದು ಸುಮ್ಮನೆ ಪೋಣಿಸಿ. ವೇಗ ಸ್ವಲ್ಪ ಕಡಿಮೆಯಾದೀತು. ಆದರೆ ಮೂರನೆಯ ಜೋಡಿಯನ್ನು ಯಾವಾಗ ಬೇಕಾದರೂ ಸೇರಿಸಬಹುದು, ಏನು ಎಲ್ಲಿದೆ ಎಂದು ಕಾಗದದ ಮೇಲೆ ಬರೆದು ತೋರಿಸಬಹುದು. ದಿನವಿಡೀ ಸಾವಿರಾರು ಕೋರಿಕೆ ಬರುವ ದೊಡ್ಡ ಕೇಂದ್ರಗಳಿಗೆ ರೇಡ್ 10 ಕೆಳಗೆ, ಅದರ ಮೇಲೆ ಸರಳ ಎಲ್‌ವಿಎಂ ಸರಿ.

ಕನ್ನಡಿಯೋ ಕಾರ್ಬನ್ ಹಾಳೆಯೋ?

‘ಪ್ರತಿಬಿಂಬ’ ಎಂಬ ಪದದ ಬಗ್ಗೆಯೂ ಒಂದು ತಕರಾರಿದೆ. ಸಮತಲ ಕನ್ನಡಿಯ ಮುಂದಿನ ವಸ್ತುವನ್ನು ತೆಗೆದರೆ ಬಿಂಬವೂ ಮಾಯವಾಗುತ್ತದೆ. ಡಿಸ್ಕಿನ ಜೋಡಿಯಲ್ಲಿ ಮೂಲ ಹೋದರೂ ಪ್ರತಿ ಉಳಿಯುತ್ತದೆ. ಆದ್ದರಿಂದ ಹೋಲಿಕೆ ಕಾರ್ಬನ್ ಹಾಳೆಗೆ ಸರಿಹೊಂದುತ್ತದೆ. ರಸೀತಿ ಪುಸ್ತಕದಲ್ಲಿ ಮೇಲಿನ ಹಾಳೆ ಹರಿದುಹೋದರೂ ಕೆಳಗಿನದು ಇರುತ್ತದೆ. ಆದರೆ ಮೇಲೆ 500ರ ಬದಲು 5,000 ಎಂದು ಬರೆದರೆ ಕೆಳಗೂ 5,000 ಎಂದೇ ಮೂಡುತ್ತದೆ.

ಪಹಣಿಯ ವಿಷಯದಲ್ಲಿ ಇದೇ ಹೆಚ್ಚಿನ ಭಯ. ಖಾತೆ ಬದಲಾವಣೆಯಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ, ಹೆಸರಿನ ಒಂದಕ್ಷರ ಬಿಟ್ಟುಹೋದರೆ, ಯಾರೋ ಬೇಕೆಂದೇ ಒಂದು ದಾಖಲೆಯನ್ನು ಅಳಿಸಿದರೆ, ಕೆಲವು ಮಿಲಿಸೆಕೆಂಡುಗಳಲ್ಲಿ ‘ರಾ’ದಲ್ಲೂ ‘ಚ’ದಲ್ಲೂ ಅದು ನಿಷ್ಠೆಯಿಂದ ನಡೆದುಹೋಗುತ್ತದೆ. ಪ್ರತಿಬಿಂಬಕ್ಕೆ ವರ್ತಮಾನ ಮಾತ್ರ ಗೊತ್ತು, ನಿನ್ನೆ ಹೇಗಿತ್ತು ಎಂಬ ನೆನಪಿಲ್ಲ. ನಿನ್ನೆಯ, ಹೋದ ತಿಂಗಳ, ಹೋದ ವರ್ಷದ ಪ್ರತಿಗಳನ್ನು ಬೇರೆ ಮಾಧ್ಯಮದಲ್ಲಿ, ಬೇರೆ ಊರಿನಲ್ಲಿ, ಸಾಧ್ಯವಾದರೆ ಜಾಲದಿಂದ ಬಿಡಿಸಿ ಇಡಬೇಕು. ಎಲ್‌ವಿಎಂನ ಕ್ಷಣಚಿತ್ರ ಸೌಲಭ್ಯ ಅಂಥ ಪ್ರತಿ ತೆಗೆಯುವಾಗ ಕಡತಗಳನ್ನು ಒಂದು ಕ್ಷಣದ ಸ್ಥಿತಿಯಲ್ಲಿ ಹಿಡಿದು ನಿಲ್ಲಿಸಲು ಬಹಳ ಉಪಯುಕ್ತ. ಅದನ್ನೇ ಪ್ರತಿ ಎಂದುಕೊಂಡರೆ ಕೆಟ್ಟಿತು: ಕ್ಷಣಚಿತ್ರ ಇರುವುದು ಅದೇ ಗುಂಪಿನ, ಅದೇ ಡಿಸ್ಕುಗಳ ಮೇಲೆ. ಅದಕ್ಕೆಂದು ಮೀಸಲಿಟ್ಟ ಜಾಗ ತುಂಬಿದರೆ ಹಳೆಯ ರೀತಿಯ ಕ್ಷಣಚಿತ್ರ ನಿರುಪಯುಕ್ತವಾಗುತ್ತದೆ ಕೂಡ.

ಅಧ್ಯಾಪಕರು ಇದನ್ನೆಲ್ಲ ಒಂದು ಪ್ರಯೋಗದ ಅವಧಿಯಲ್ಲಿ ತೋರಿಸಬಹುದು. ಡಿಸ್ಕುಗಳನ್ನು ಕೊಳ್ಳಬೇಕಿಲ್ಲ. ಲಿನಕ್ಸ್ ಇರುವ ಯಾವುದೇ ಗಣಕದಲ್ಲಿ 100 ಮೆಗಾಬೈಟ್‌ನ ನಾಲ್ಕು ಕಡತಗಳನ್ನು ಮಾಡಿ, ಲೂಪ್ ಸಾಧನಗಳಾಗಿ ಜೋಡಿಸಿದರೆ ಅವೇ ‘ರಾ’, ‘ಚ’, ‘ಕ’, ‘ಮಾ’. ಎರಡು ಜೋಡಿ ಕಟ್ಟಿಸಿ, ಮೇಲೆ ಎಲ್‌ವಿಎಂ ಹಾಕಿಸಿ, ಒಂದು ಪಠ್ಯ ಕಡತ ಬರೆಸಿ. ‘ರಾ’ ಕೆಟ್ಟಿದೆ ಎಂದು ಘೋಷಿಸಿ. ಕಡತ ಹಾಗೆಯೇ ತೆರೆಯುತ್ತದೆ, ತರಗತಿ ಚಪ್ಪಾಳೆ ತಟ್ಟುತ್ತದೆ. ‘ರಾ’ವನ್ನು ಮತ್ತೆ ಸೇರಿಸಿ, ಮರುಭರ್ತಿ ಮುಗಿಯುವವರೆಗೆ ಕಾಯಿರಿ. ನಾಲ್ಕೂ ಡಿಸ್ಕುಗಳು ಆರೋಗ್ಯವಾಗಿವೆ ಎಂದು ಎಲ್ಲರೂ ಖಚಿತಪಡಿಸಿಕೊಂಡ ಮೇಲೆ ಆ ಪಠ್ಯ ಕಡತವನ್ನು ಅಳಿಸಿಬಿಡಿ. ಅದನ್ನು ಈ ಜೋಡಣೆಯಿಂದಲೇ ಮರಳಿ ತರಲು ವಿದ್ಯಾರ್ಥಿಗಳಿಗೆ ಹದಿನೈದು ನಿಮಿಷ ಕೊಡಿ.